ಗಜನಿಗೆ ಉಪ್ಪುನೀರು ಬರಲೇಬಾರದೇ?

ಪ್ರಶ್ನೆ: ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಗಜನಿ ಗದ್ದೆಗಳಿಗೆ (ಮಳೆಗಾಲದಲ್ಲಿ ಭತ್ತ, ಬಳಿಕ ಉಪ್ಪುನೀರಿನಲ್ಲಿ ಮೀನು, ಸೀಗಡಿ ಬೆಳೆಯುವ ತಗ್ಗು ಗದ್ದೆ) ಗಟ್ಟಿ ಕಟ್ಟೆ ಹಾಕಿ ಉಪ್ಪುನೀರನ್ನು ಪೂರ್ತಿ ತಡೆದರೆ ಒಳ್ಳೆಯದಲ್ಲವೇ?

ಉತ್ತರ: ಕಟ್ಟೆ ಬೇಕೇ ಬೇಕು. ಆದರೆ ಉಪ್ಪುನೀರಿಗೆ ಕಾಯಂ ಬಾಗಿಲು ಹಾಕಿದರೆ ಉಳಿಯುವುದು ಬರೀ ಗದ್ದೆ, ಗಜನಿಯಲ್ಲ.

ಕುಮಟಾ ತಾಲ್ಲೂಕಿನ ಈ ತಗ್ಗು ಭೂಮಿ ವರ್ಷಕ್ಕೆ ಎರಡು ಬದುಕು ಬಾಳುತ್ತದೆ. ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಹಾಗಾಗಿ ಮಳೆಗಾಲದಲ್ಲಿ ಘಟ್ಟದ ಸಿಹಿನೀರು ತಡೆಯಿಲ್ಲದೆ ಇಳಿದು ಅಳಿವೆಯ ಉಪ್ಪನ್ನು ತೊಳೆಯುತ್ತದೆ. ಆಗ ತೂಬಿನ ಹಲಗೆ ಇಳಿಸಿ ಕಗ್ಗ ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ, ಎತ್ತರಕ್ಕೆ ಬೆಳೆಯುವ ಭತ್ತ ಅದು, ಗೊಬ್ಬರ ಕೇಳುವುದಿಲ್ಲ. ಕೊಯ್ಲಿನಲ್ಲಿ ತೆನೆ ಮಾತ್ರ ಮನೆಗೆ ಬರುತ್ತದೆ. ಬಳಿಕ ಹಲಗೆ ಎತ್ತಿದರೆ ಭರತದ, ಅಂದರೆ ಕಡಲಿನ ಉಬ್ಬರದ, ನೀರಿನೊಂದಿಗೆ ಸೀಗಡಿ, ಏಡಿ, ಮೀನಿನ ಮರಿಗಳು ಒಳಬಂದು ಕೊಳೆಯುವ ಹುಲ್ಲಿನ ನಡುವೆ ಬೆಳೆಯುತ್ತವೆ. ಅವುಗಳ ಹಿಕ್ಕೆಯೇ ಮುಂದಿನ ಬೆಳೆಗೆ ಗೊಬ್ಬರ. ಗೋವಾದ ಖಾಜಣ ಭೂಮಿಗಳಲ್ಲಿಯೂ ಇದೇ ಜಾಣ್ಮೆ ಕಾಣುತ್ತದೆ.

ನೀರಿನ ಹೋಗುಬರುವು ನಿಂತರೆ ಮೀನಿನ ಮರಿಗಳಿಗೆ ದಾರಿಯಿಲ್ಲ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿಗೆ ಭರತವಿಲ್ಲ. ಕಾಂಡ್ಲಾ ಬೆಳೆದ ಕೆಸರು ಒಣಗಿದಾಗ ಅದರೊಳಗಿನ ಗಂಧಕದ ಸಂಯುಕ್ತಗಳು ಗಾಳಿಯ ಸಂಪರ್ಕಕ್ಕೆ ಬಂದು ಮಣ್ಣು ಹುಳಿಯಾಗುವ ಅಪಾಯವೂ ಇದೆ. ಇದಕ್ಕೆ ವಿರುದ್ಧವಾದ ತಪ್ಪೂ ನಡೆದಿದೆ: ಸೀಗಡಿಯ ಲಾಭಕ್ಕಾಗಿ ವರ್ಷವಿಡೀ ಉಪ್ಪುನೀರು ನಿಲ್ಲಿಸಿದ ಕಡೆ ಕಗ್ಗ ಹಿಂದೆ ಸರಿಯಿತು. ಇಷ್ಟಾದರೂ ಇದೇ ತಾಲ್ಲೂಕಿನ ಮಾಣಿಕಟ್ಟಾ ಊರಿನ ರೈತರು ಆ ತಳಿಯನ್ನು ಕೈಬಿಡದಿರುವುದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ.

2024ರಲ್ಲಿ ಸುಮಾರು 4,800 ಹೆಕ್ಟೇರ್ ಅಳಿವೆ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕರಾವಳಿ ನಿಯಂತ್ರಣ ವಲಯದ ನಿಯಮಗಳಲ್ಲಿ ಕಾಂಡ್ಲಾ ಕಾಡು ಮತ್ತು ಉಪ್ಪು ಜೌಗು ಅತ್ಯಂತ ಸೂಕ್ಷ್ಮ ವರ್ಗಕ್ಕೆ ಸೇರುತ್ತವೆ. ಆದರೆ ತೂಬಿನ ಹಲಗೆಯನ್ನು ಯಾವಾಗ ಎತ್ತಬೇಕು ಎಂಬುದನ್ನು ಪಟ್ಟಿ ಹೇಳಿಕೊಡುವುದಿಲ್ಲ.

ಆದ್ದರಿಂದ ನಿಮ್ಮೂರಿಗೆ ಹೊಸ ಕಟ್ಟೆಯ ಯೋಜನೆ ಬಂದರೆ ಎತ್ತರ, ಉದ್ದಕ್ಕಿಂತ ಮೊದಲು ತೂಬುಗಳ ಬಗ್ಗೆ ಕೇಳಿ. ಎಷ್ಟು ತೂಬು, ಎಷ್ಟು ಅಗಲ, ಹಲಗೆ ಎತ್ತುವ ಅಧಿಕಾರ ಯಾರಿಗೆ? ಕೆಲಸ ಆರಂಭವಾಗುವ ಮೊದಲೇ ಕಟ್ಟೆಯ ಒಳಗೂ ಹೊರಗೂ ನೀರಿನ ಉಪ್ಪಿನಂಶವನ್ನು ಮಳೆಗಾಲ, ಬೇಸಿಗೆ ಎರಡರಲ್ಲಿಯೂ ಅಳೆದು ಬರೆದಿಡಿ. ಇಳಿತದ ಹೊತ್ತಿನಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರನ್ನೂ ಆ ಸಭೆಗೆ ಕರೆಯಿರಿ; ಯಾವ ದಿಬ್ಬದಲ್ಲಿ ಚಿಪ್ಪು ಕಡಿಮೆಯಾಗಿದೆ ಎಂಬುದು ಮೊದಲು ತಿಳಿಯುವುದು ಅವರಿಗೇ.