ಮಳೆಗಾಲದಲ್ಲಿ ಸೋಲಾರ್ ದೀಪ ಉರಿಯುತ್ತಾ?

ಪ್ರಶ್ನೆ: ನಮ್ಮ ಮನೆ ಕೊಟ್ಟಿಗೆಹಾರದ ಹತ್ತಿರ. ಮಳೆ ಹಿಡಿದರೆ ಲೈನ್ ಮೇಲೆ ಮರ ಬಿದ್ದು ನಾಲ್ಕೈದು ದಿನ ಕರೆಂಟ್ ಇರಲ್ಲ. ಸೋಲಾರ್ ಲೈಟ್ ಹಾಕಿಸೋಣ ಅಂದರೆ ಮನೆಯವರೆಲ್ಲ 'ಮಲೆನಾಡಿಗೆ ಅದು ಆಗಿಬರಲ್ಲ, ಬಿಸಿಲೇ ಇಲ್ಲ' ಅಂತಾರೆ. ನಿಜವಾ?

ನಿಜ ಅಲ್ಲ. ಮೂಡಿಗೆರೆ, ಕಳಸ, ಸಕಲೇಶಪುರದ ಕಡೆ ಎಷ್ಟು ಜಗುಲಿಗಳಲ್ಲಿ ಕೂತು ಇದನ್ನೇ ಹೇಳಿದ್ದೇನೋ ಲೆಕ್ಕವಿಲ್ಲ. ಜೂನ್ ಬಂದರೆ ಮತ್ತೆ ಇದೇ ಪ್ರಶ್ನೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ, ಮನೆಯ ಹಿರಿಯರಿಗೂ ಓದಿ ಹೇಳಿ.

ಈ ಮಾತು ಹುಟ್ಟಿದ್ದು ಎರಡು ಕಾರಣಕ್ಕೆ. ಒಂದು, ಸ್ನಾನದ ನೀರಿನ ಸೋಲಾರ್. ಆಷಾಢದಲ್ಲಿ ಅದರ ನಲ್ಲಿ ತಿರುಗಿಸಿದರೆ ತಣ್ಣೀರೇ ಬರುತ್ತೆ, ಎಲ್ಲರೂ ಹಂಡೆ ಒಲೆಗೆ ವಾಪಸ್ಸು. ಅದನ್ನು ನೋಡಿದವರು 'ಸೋಲಾರ್ ಇಷ್ಟೇ' ಅಂತ ತೀರ್ಮಾನ ಮಾಡುತ್ತಾರೆ. ಹೆಸರು ಒಂದೇ ಇರಬಹುದು, ಕೆಲಸ ಬೇರೆ. ನೀರಿನದಕ್ಕೆ ಕಾವು ಬೇಕು. ಮೋಡದ ದಿನ ಸಿಗುವ ಅಷ್ಟಿಷ್ಟು ಕಾವನ್ನು ಹೊರಗಿನ ಥಂಡಿಯೇ ತಿಂದುಬಿಡುತ್ತೆ. ಕರೆಂಟ್ ಕೊಡುವ ಪ್ಯಾನೆಲ್‌ಗೆ ಬೇಕಿರುವುದು ಬೆಳಕು. ಮೋಡ ಸೋಸಿ ಬಿಡುವ ಬೆಳಕಲ್ಲೂ ಅದು ದುಡಿಯುತ್ತೆ, ಬೆಳಕು ಕಡಿಮೆಯಾದಷ್ಟು ಕರೆಂಟೂ ಕಡಿಮೆ. ಕಾವು ಅದಕ್ಕೆ ಆಗುವುದೇ ಇಲ್ಲ: 25 ಡಿಗ್ರಿ ದಾಟಿ ಬಿಸಿಯಾದರೆ ಡಿಗ್ರಿಗೆ ಹೆಚ್ಚುಕಡಿಮೆ ಶೇ 0.4ರಷ್ಟು ಉತ್ಪಾದನೆ ಇಳಿಯುತ್ತೆ.

ಎರಡನೆಯ ಕಾರಣ ಹಳೆಯ ಅನುಭವ, ಅದನ್ನು ನಾನು ಸುಳ್ಳು ಅನ್ನಲ್ಲ. ಸಿಎಫ್ಎಲ್ (ಎಲ್‌ಇಡಿಗೆ ಮುಂಚೆ ಬರುತ್ತಿದ್ದ ಟ್ಯೂಬಿನ ಬಲ್ಬು) ಕಾಲದಲ್ಲಿ ಸೋಲಾರ್ ಹಾಕಿಸಿದವರ ಮನೆಯಲ್ಲಿ ಜುಲೈನ ಮೂರನೇ ರಾತ್ರಿಗೆ ಕತ್ತಲಾಗುತ್ತಿತ್ತು. ಯಾಕೆ ಅಂತ ಲೆಕ್ಕ ಹಾಕೋಣ. 40 ವ್ಯಾಟ್ ಪ್ಯಾನೆಲ್, 12 ವೋಲ್ಟಿನ 40 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಇದೆ ಅಂದುಕೊಳ್ಳಿ. 12ನ್ನು 40ರಿಂದ ಗುಣಿಸಿದರೆ ಬ್ಯಾಟರಿಯಲ್ಲಿ 480 ವ್ಯಾಟ್-ಗಂಟೆ ಇರುತ್ತೆ, ಅಂದರೆ ಒಂದು ವ್ಯಾಟಿನ ದೀಪ 480 ಗಂಟೆ ಉರಿಯುವಷ್ಟು. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಬಳಸಲು ಸಿಗುವುದು 240. ದಟ್ಟ ಮೋಡದ ದಿನ ಇಡೀ ದಿನದ ಬೆಳಕು ಸೇರಿ ಒಂದು ಗಂಟೆಯ ಒಳ್ಳೆ ಬಿಸಿಲಿಗೆ ಸಮ ಅಂತ ಹಿಡಿಯೋಣ: 40 ವ್ಯಾಟ್-ಗಂಟೆ ಹುಟ್ಟಿ, ಸೋರಿಕೆ ಕಳೆದು 28 ಕೈಗೆ ಬರುತ್ತೆ. 11 ವ್ಯಾಟಿನ ಮೂರು ಸಿಎಫ್ಎಲ್ ನಾಲ್ಕು ಗಂಟೆ ಉರಿದರೆ 132 ಬೇಕು. ದಿನಕ್ಕೆ 104 ಕೊರತೆ. ಮೂರನೇ ರಾತ್ರಿ ಬ್ಯಾಟರಿ ಖಾಲಿ.

ಅದೇ ಜಾಗದಲ್ಲಿ 3 ವ್ಯಾಟಿನ ಮೂರು ಎಲ್‌ಇಡಿ ಹಾಕಿ. ನಾಲ್ಕು ಗಂಟೆಗೆ 36. ಕೊರತೆ ಬರೀ 8. ಬ್ಯಾಟರಿ ಒಂದು ತಿಂಗಳು ತಡೆಯುತ್ತೆ! ಮಳೆ ಇನ್ನೂ ಜಡಿದು ಬೆಳಕು ಅರ್ಧಕ್ಕಿಳಿದರೂ ಹತ್ತು ದಿನಕ್ಕೆ ಮೋಸವಿಲ್ಲ. ಮಳೆ ಬದಲಾಗಿಲ್ಲ, ಪ್ಯಾನೆಲ್ ಬದಲಾಗಿಲ್ಲ, ಬದಲಾಗಿದ್ದು ದೀಪ. ನೀಲಿ ಎಲ್‌ಇಡಿ ಕಂಡುಹಿಡಿದ ಮೂವರಿಗೆ 2014ರಲ್ಲಿ ನೊಬೆಲ್ ಕೊಟ್ಟರಲ್ಲ, ಆ ನೀಲಿಗೆ ಹಳದಿ ಲೇಪ ಹಚ್ಚಿಯೇ ಈ ಬಿಳಿ ಬೆಳಕು ಬರುವುದು. ಆ ವರ್ಷ ಸರ್ಕಾರಕ್ಕೆ 310 ರೂಪಾಯಿಗೆ ಬೀಳುತ್ತಿದ್ದ ಬಲ್ಬು ಸಗಟು ಖರೀದಿಯಿಂದ 2016ಕ್ಕೆ 38ಕ್ಕೆ ಇಳಿಯಿತು. 'ಹೊಸ ಬೆಳಕು' ಯೋಜನೆ ಅಂತ ನಮ್ಮ ರಾಜ್ಯದಲ್ಲಿ ಹಂಚಿದ 9 ವ್ಯಾಟಿನ ಬಲ್ಬು ಈ ಸಗಟು ಖರೀದಿಯದೇ.

ಹಾಗಾದರೆ ಈಗಲೂ ಕೆಲವರ ಮನೆಯಲ್ಲಿ ಕೆಡುವುದೇಕೆ? ಹೋದ ಮಳೆಗಾಲದಲ್ಲಿ ಬಣಕಲ್ ಹತ್ತಿರ ಒಂದು ಲೈನ್ ಮನೆಗೆ (ತೋಟದ ಕೆಲಸದವರ ಸಾಲು ಮನೆ) ಹೋಗಿದ್ದೆ. ಆ ಮನೆಯ ಅಜ್ಜಿ 'ಮಗಾ, ಇದನ್ನ ಬಿಚ್ಚಿ ತಗೊಂಡು ಹೋಗು, ಚಿಮಣಿ ಬುಡ್ಡಿನೇ ವಾಸಿ' ಅಂದರು. ಏಣಿ ಹಾಕಿ ಹೆಂಚಿನ ಮೇಲೆ ಹತ್ತಿ ನೋಡಿದರೆ ಪ್ಯಾನೆಲ್‌ನ ಕೆಳ ಅಂಚಿಗೆ ಎರಡು ಬೆರಳಗಲ ಪಾಚಿ, ಅದಕ್ಕಂಟಿಕೊಂಡು ಸಿಲ್ವರ್ ಓಕ್ ಎಲೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮೀಟರಿನ ಮುಳ್ಳು ಕಣ್ಣೆದುರೇ ಮೇಲೆದ್ದಿತು. ಪ್ಯಾನೆಲ್‌ನೊಳಗೆ ಕರೆಂಟ್ ಹುಟ್ಟಿಸುವ ಬಿಲ್ಲೆಗಳೆಲ್ಲ ಒಂದರ ಹಿಂದೆ ಒಂದು ಜೋಡಿಸಿರುತ್ತವೆ, ಕೆಲವು ಮುಚ್ಚಿಹೋದರೂ ಉಳಿದವುಗಳ ಕರೆಂಟ್ ತಡೆಯುತ್ತೆ. ತೋಟದ ಪೈಪು ಒಂದು ಕಡೆ ಮಡಚಿಕೊಂಡರೂ ಕೊನೆಯಲ್ಲಿ ನೀರು ಬರಲ್ಲವಲ್ಲ, ಹಾಗೆ. ಮೇ ಕೊನೆಯಲ್ಲಿ ಒಂದು ಸಲ ಒರೆಸಿ, ನೆರಳು ಬೀಳುವ ಕೊಂಬೆ ಸವರಿ, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ. ಬಾವಿ ನೀರು ಬೇಡ. ಟಿವಿಯನ್ನು ಅದಕ್ಕೆ ಸಿಕ್ಕಿಸಲೇಬೇಡಿ.

ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಪುಕ್ಕಟೆ ಇರುವಾಗ ಇದ್ಯಾಕೆ ಅನ್ನುವವರಿಗೆ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ತಂತಿ ಹರಿದು ಬಿದ್ದಾಗ ಪುಕ್ಕಟೆ ಕರೆಂಟೂ ಬರಲ್ಲ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 3 ವ್ಯಾಟಿನ ದೀಪ ಹಳೆಯ 11 ವ್ಯಾಟಿನ ಸಿಎಫ್ಎಲ್‌ನಷ್ಟು ಬೆಳಗಲ್ಲ. ಅದಕ್ಕೇ ಎಲ್ಲಿ ಕಟ್ಟುತ್ತೀರಿ ಅನ್ನುವುದು ಮುಖ್ಯ. ನಮ್ಮ ಅಡುಗೆಮನೆಗಳಲ್ಲಿ ಬಲ್ಬು ನಡುಮಧ್ಯೆ, ಹೊಗೆ ಹಿಡಿದು ಕಪ್ಪಾದ ಅಟ್ಟದ ತೊಲೆಗೆ. ಒಲೆಗೆ ಮುಖ ಮಾಡಿ ನಿಂತ ಹೆಂಗಸಿನ ಬೆನ್ನಿಗೆ ಬೆಳಕು, ಪಾತ್ರೆಯ ಮೇಲೆ ಅವಳದೇ ನೆರಳು. ಎಷ್ಟೋ ಮನೆಗಳಲ್ಲಿ ದೀಪ ಎಲ್ಲಿ ಬೇಕು ಅಂತ ಆಕೆಯನ್ನು ಯಾರೂ ಕೇಳಿರುವುದಿಲ್ಲ, ಇದು ನನಗೆ ನಿಜಕ್ಕೂ ಬೇಸರದ ವಿಷಯ. ಕೆಲಸದ ಜಾಗದಿಂದ ಎಂಟು ಅಡಿ ದೂರವಿದ್ದ ದೀಪವನ್ನು ನಾಲ್ಕು ಅಡಿಗೆ ತಂದರೆ ಅಲ್ಲಿ ಬೀಳುವ ಬೆಳಕು ನಾಲ್ಕು ಪಟ್ಟು. ಒಲೆಯ ಪಕ್ಕದ ಗೋಡೆಗೆ, ತಲೆಗಿಂತ ತುಸು ಮೇಲೆ, ಮುಂದಿನಿಂದ ಬೀಳುವ ಹಾಗೆ ಕಟ್ಟಿಸಿ. ಎರಡನೆಯದು ಮಕ್ಕಳು ಓದುವ ಕಡೆ. ಮೂರನೆಯದು ಹಿತ್ತಿಲ ಬಾಗಿಲಿಗೆ. ಅಲ್ಲಿಗೆ ಮಾತ್ರ ಹಳದಿ ಬೆಳಕಿನದು ಕೇಳಿ ತನ್ನಿ, ಬಿಳಿಯದಕ್ಕೆ ಮುತ್ತುವಷ್ಟು ಮಳೆಹುಳು ಅದಕ್ಕೆ ಮುತ್ತಲ್ಲ.