ಸ್ಕ್ರಿಪ್ಟ್ ಮ್ಯಾನೇಜರ್ ಕೈ ಸೇರಿದ ಮೇಲೆ: ವಿಕ್ಟೋರಿಯನ್ ಥಿಯೇಟರ್ ಓದೋರಿಗೆ ಒಂದು ಟಿಪ್ಪಣಿ

ವಿಕ್ಟೋರಿಯನ್ ನಾಟಕ, ಅಂದ್ರೆ ವಿಕ್ಟೋರಿಯಾ ರಾಣಿ ಕಾಲದ ಇಂಗ್ಲಿಷ್ ನಾಟಕ, ಅಂದ ತಕ್ಷಣ ನಾವೆಲ್ಲ ಸೀದಾ ಮೆಲೋಡ್ರಾಮಾ (ಅತಿ ಭಾವುಕ, ರೋಚಕ ನಾಟಕ), ಕಾಮಿಡಿ, ಪ್ರಾಬ್ಲಮ್ ಪ್ಲೇ (ಸಾಮಾಜಿಕ ಸಮಸ್ಯೆ ಇಟ್ಕೊಂಡ ನಾಟಕ) ಅಂತ ಹೆಡ್ಡಿಂಗ್ ಹಾಕ್ಕೊಂಡು ಓದೋಕೆ ಶುರು ಮಾಡ್ತೀವಿ. ನಾನೂ ಹಾಗೇ ಶುರು ಮಾಡಿದ್ದೆ, ಏನೂ ತಲೇಲಿ ನಿಲ್ತಿರ್ಲಿಲ್ಲ. ಆಮೇಲೆ ಒಂದೇ ಒಂದು ಪ್ರಶ್ನೆ ಇಟ್ಕೊಂಡು ಮತ್ತೆ ಓದ್ದೆ: ಈ ನಾಟಕ ಬರೆದೋನಿಗೆ ಎಷ್ಟು ದುಡ್ಡು ಸಿಕ್ತು, ಯಾವ ಲೆಕ್ಕದಲ್ಲಿ ಸಿಕ್ತು? ಅಲ್ಲಿಂದ ಒಂದೊಂದೇ ಬಿಡಿಸ್ಕೊಳ್ತಾ ಬಂತು, ಅದಕ್ಕೇ ಇಲ್ಲಿ ಬರೀತಿದೀನಿ.

ನಾಟಕಕಾರ ಡಿಯನ್ ಬೂಸಿಕಾಲ್ಟ್‌ನಿಂದ ಶುರು ಮಾಡೋಣ. 1841ರಲ್ಲಿ ಕಾವೆಂಟ್ ಗಾರ್ಡನ್ ಥಿಯೇಟರ್ ಮೇಡಂ ವೆಸ್ಟ್ರಿಸ್ ಮತ್ತೆ ಅವಳ ಗಂಡ ಚಾರ್ಲ್ಸ್ ಮ್ಯಾಥ್ಯೂಸ್ ಕೈಲಿತ್ತು, ಅಲ್ಲಿ ಇವನ ‘ಲಂಡನ್ ಅಶ್ಯೂರೆನ್ಸ್’ ಭರ್ಜರಿಯಾಗಿ ಗೆದ್ದಿತು. ಕೈಗೆ ಸಿಕ್ಕಿದ್ದು 300 ಪೌಂಡ್. ಆಗಿನ ದೊಡ್ಡ ಹೆಸರಿನೋರಿಗೆ 500 ಸಿಗ್ತಿತ್ತು ಅಂತ ಅವನೇ ಹೇಳ್ಕೊಂಡಿದಾನೆ, ಹೊಸಬನಿಗೆ 300 ಒಳ್ಳೇ ರೇಟೇ. ಮೂರು ವರ್ಷ ಬಿಟ್ಟು ಇನ್ನೊಂದು ನಾಟಕ ಹಿಡ್ಕೊಂಡು ಲಂಡನ್ನಿನ ಒಂದು ಮುಖ್ಯ ಥಿಯೇಟರ್‌ಗೆ ಹೋದ್ರೆ ಮ್ಯಾನೇಜರ್ ಬರೀ 100 ಅಂದ. ಯಾಕಿಷ್ಟು ಕಮ್ಮಿ ಅಂತ ಕೇಳಿದ್ದಕ್ಕೆ ಬಂದ ಉತ್ತರದ ಸಾರ ಇಷ್ಟು: ನಾನು ಪ್ಯಾರಿಸ್‌ಗೆ ಹೋಗಿ ಒಳ್ಳೇ ಕಾಮಿಡಿ ಒಂದನ್ನ ಕಣ್ಣಾರೆ ನೋಡಿ ಆರಿಸ್ಕೊಂಡು ಬರಬಹುದು, ಜನಕ್ಕೆ ಹಿಡಿಸುತ್ತೆ ಅನ್ನೋದು ಅಲ್ಲೇ ಗೊತ್ತಾಗುತ್ತೆ, ಇಂಗ್ಲಿಷ್‌ಗೆ ಮಾಡಿಸೋಕೆ 25 ಪೌಂಡ್ ಸಾಕು. ಗೆಲ್ಲುತ್ತೋ ಬೀಳುತ್ತೋ ಗೊತ್ತಿಲ್ಲದ ನಿನ್ನ ನಾಟಕಕ್ಕೆ 300, 500 ಯಾಕೆ ಕೊಡ್ಲಿ?

ಈ ಮ್ಯಾನೇಜರ್‌ನ ಬೈಯೋಕೆ ಮುಂಚೆ ಮ್ಯಾನೇಜರ್ ಅಂದ್ರೆ ಯಾರು ಅಂತ ತಿಳ್ಕೊಳ್ಳಿ, ಇವತ್ತಿನ ಆಫೀಸ್ ಮ್ಯಾನೇಜರ್ ಥರ ಸಂಬಳದೋನಲ್ಲ ಅವನು. ಥಿಯೇಟರ್‌ನ ಲೀಸಿಗೆ ಹಿಡಿದು, ನಟರಿಂದ ಹಿಡಿದು ಗ್ಯಾಸ್ ಬಿಲ್ಲಿನ ತನಕ ಎಲ್ಲಾ ತನ್ನ ತಲೆ ಮೇಲೆ ಹೊತ್ಕೊಂಡೋನು, ಎಷ್ಟೋ ಸಲ ಮುಖ್ಯ ಪಾತ್ರಾನೂ ಅವನದ್ದೇ. ನಮ್ಮ ಕಂಪನಿ ನಾಟಕದಲ್ಲಿ ಗುಬ್ಬಿ ವೀರಣ್ಣನವರು ಮಾಲೀಕರೂ ಹೌದು, ನಟರೂ ಹೌದು ಅಂತೀವಲ್ಲ, ಹೆಚ್ಚೂಕಮ್ಮಿ ಆ ಥರ. ನಾಟಕ ಬಿದ್ರೆ ಮುಳುಗೋನು ಅವನೇ. ಫ್ರಾನ್ಸ್ ಜೊತೆ ಕಾಪಿರೈಟ್ ಒಪ್ಪಂದ ಆಗಿ 1852ರಲ್ಲಿ ಕಾನೂನು ಬಂದ್ಮೇಲೂ ಅಲ್ಲೊಂದು ತೂತು ಉಳೀತು: ನೇರ ಅನುವಾದಕ್ಕೆ ರಕ್ಷಣೆ ಇತ್ತು, ‘ಅಳವಡಿಕೆ’ ಅಂತ ಹೇಳ್ಕೊಂಡ್ರೆ ತಪ್ಪಿಸ್ಕೋಬಹುದಿತ್ತು. ಹಾಗಾಗಿ ಫ್ರೆಂಚ್ ಸರಕು ಲಂಡನ್‌ಗೆ ಹರೀತಾನೇ ಇತ್ತು. ಇಂಗ್ಲಿಷ್ ನಾಟಕಕಾರರಲ್ಲಿ ಪ್ರತಿಭೆ ಇರ್ಲಿಲ್ಲ ಅದಕ್ಕೇ ಫ್ರೆಂಚ್ ತಂದ್ರು ಅಂತ ಕೆಲವು ಗೈಡ್‌ಗಳಲ್ಲಿ ಬರೆದಿರ್ತಾರೆ, ನನಗದು ಸರಿ ಅನ್ಸಲ್ಲ. 25ಕ್ಕೆ ಸಿಗೋ ಗ್ಯಾರಂಟಿ ಮಾಲನ್ನ ಬಿಟ್ಟು 300 ಕೊಟ್ಟು ರಿಸ್ಕ್ ತಗೊಳ್ಳೋಕೆ ಯಾರೂ ರೆಡಿ ಇರ್ಲಿಲ್ಲ, ಅಷ್ಟೇ.

ಚಿಕ್ಕ ಥಿಯೇಟರ್‌ಗಳಲ್ಲಿ ನಾಟಕಕ್ಕೆ ಇಷ್ಟು ಅಂತಾನೂ ಇಲ್ಲ, ಬರೆಯೋನನ್ನೇ ಸಂಬಳಕ್ಕೆ ಇಟ್ಕೊಳ್ತಿದ್ರು. ನಮ್ಮಲ್ಲಿ ಕಂಪನಿ ಕವಿ ಅಂತ ಇರ್ತಿದ್ರಲ್ಲ ಹಾಗೆ. ಲಂಡನ್‌ನ ಹಾಕ್ಸ್‌ಟನ್‌ನಲ್ಲಿದ್ದ ಬ್ರಿಟಾನಿಯಾ ಥಿಯೇಟರ್‌ಗೆ ಸಿ. ಎಚ್. ಹೇಜಲ್‌ವುಡ್ ವರ್ಷಗಟ್ಟಲೆ ಹೀಗೆ ಬರೆದುಕೊಟ್ಟ. ಇಂಥೋರು ಕಥೆ ಹೊಳೆದ ಮೇಲೆ ಪಾತ್ರ ಹುಡುಕ್ತಿರ್ಲಿಲ್ಲ, ಕಂಪನೀಲಿ ಯಾರಿದಾರೆ ಅಂತ ನೋಡ್ಕೊಂಡು ಬರೀತಿದ್ರು: ಹೀರೋ ಒಬ್ಬ, ವಿಲನ್ ಒಬ್ಬ, ನಗಿಸೋನೊಬ್ಬ, ವಯಸ್ಸಾದ ಅಪ್ಪ ಒಬ್ಬ, ಎಲ್ಲರಿಗೂ ಕೆಲಸ ಸಿಗಬೇಕು. ಮೆಲೋಡ್ರಾಮಾದಲ್ಲಿ ಅವೇ ಟೈಪ್ ಪಾತ್ರಗಳು ಯಾಕೆ ತಿರುಗಿ ತಿರುಗಿ ಬರ್ತವೆ ಅನ್ನೋದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಇನ್ನು ಹೊಸ ಸ್ಕ್ರಿಪ್ಟ್ ಒಪ್ಪಿದ್ಮೇಲೆ ಏನಾಗ್ತಿತ್ತು ಅನ್ನೋದು, ನನಗೆ ತುಂಬಾ ಇಷ್ಟವಾದ ಭಾಗ. ನಟರಿಗೆ ಪೂರ್ತಿ ನಾಟಕ ಕೊಡ್ತಿರ್ಲಿಲ್ಲ. ಪ್ರತಿಯೊಬ್ಬನಿಗೂ ಅವನ ಮಾತು, ಅದಕ್ಕೆ ಮುಂಚಿನ ಕ್ಯೂ, ಅಷ್ಟನ್ನೇ ಕೈಬರಹದಲ್ಲಿ ಕಾಪಿ ಮಾಡಿ ಕೊಡೋದು. ಪೂರ್ತಿ ನಾಟಕ ಎಲ್ಲರ ಕಿವಿಗೂ ಒಟ್ಟಿಗೆ ಬೀಳ್ತಿದ್ದದ್ದು ಗ್ರೀನ್ ರೂಮಲ್ಲಿ (ನಟರು ಕೂರೋ ಕೋಣೇಲಿ) ಅದನ್ನ ಗಟ್ಟಿಯಾಗಿ ಓದೋ ದಿನ. ಹಾಗಾಗಿ ಯಾರು ಓದ್ತಾರೆ, ಹೇಗೆ ಓದ್ತಾರೆ ಅನ್ನೋದು ಜೀವನ್ಮರಣದ ಪ್ರಶ್ನೆ.

1843, ಡ್ರೂರಿ ಲೇನ್ ಥಿಯೇಟರ್, ಮ್ಯಾನೇಜರ್ ವಿಲಿಯಂ ಮೆಕ್ರೀಡಿ. ಕೈಯಲ್ಲಿ ರಾಬರ್ಟ್ ಬ್ರೌನಿಂಗ್ ಬರೆದ ‘ಎ ಬ್ಲಾಟ್ ಇನ್ ದಿ ಸ್ಕಚನ್’. ಹೌದು, ನಮ್ಮ ಪೊಯೆಟ್ರಿ ಪೇಪರ್‌ನಲ್ಲಿ ಬರೋ ಬ್ರೌನಿಂಗೇ. ಡಿಕನ್ಸ್ ಇದರ ಹಸ್ತಪ್ರತಿ ಓದಿ ಕಣ್ಣೀರು ಹಾಕಿ ಹೊಗಳಿದ್ದ, ಆದ್ರೆ ಆ ಕಾಗದ ಬರೆದದ್ದು ಗೆಳೆಯ ಫಾರ್ಸ್ಟರ್‌ಗೆ, ಅದು ಬ್ರೌನಿಂಗ್ ಕಣ್ಣಿಗೆ ಬಿದ್ದದ್ದು ಸುಮಾರು ಮೂವತ್ತು ವರ್ಷ ಆದ್ಮೇಲೆ. ಇತ್ತ ಮೆಕ್ರೀಡಿ ಆ ಸೀಸನ್‌ನಲ್ಲಿ ದುಡ್ಡು ಕಳ್ಕೊಂಡು ಕಂಗಾಲಾಗಿದ್ದ. ಬ್ರೌನಿಂಗ್ ಎಷ್ಟೋ ವರ್ಷದ ಮೇಲೆ ಬರೆದಿರೋ ಪ್ರಕಾರ, ಕಂಪನಿಗೆ ನಾಟಕ ಓದೋ ಕೆಲಸವನ್ನ ಮೆಕ್ರೀಡಿ ಪ್ರಾಂಪ್ಟರ್‌ಗೆ (ನಟರು ಮಾತು ಮರೆತ್ರೆ ಮರೆಯಿಂದ ನೆನಪಿಸೋನಿಗೆ) ವಹಿಸಿದ. ನಾಟಕದ ಜೀವಾಳ ಮಿಲ್‌ಡ್ರೆಡ್ ಅನ್ನೋ ಹದಿನಾಲ್ಕರ ಹುಡುಗಿ, ತಪ್ಪು ಮಾಡಿ ನೊಂದು ಸಾಯೋಳು. ಅವಳ ಮಾತನ್ನೆಲ್ಲ ಓದಿದ್ದು ಕೆಂಪು ಮೂಗಿನ, ಒಂಟಿ ಕಾಲಿನ ವಯಸ್ಸಾದ ಪ್ರಾಂಪ್ಟರ್. ನಟರು ಮೊದಲಿಂದ ಕೊನೇವರೆಗೂ ನಕ್ಕರು. ಆ ದೃಶ್ಯ ನೆನೆಸ್ಕೊಳ್ಳಿ, ಅಷ್ಟು ನಕ್ಕ ಮೇಲೆ ಆ ಕಂಪನಿ ಆ ನಾಟಕವನ್ನ ಮನಸಿಟ್ಟು ಆಡೋದು ಹೇಗೆ?

ಮುಂದೆ ಮುಖ್ಯ ಪಾತ್ರವನ್ನ ತಾನು ಮಾಡಲ್ಲ ಅಂತ ಮೆಕ್ರೀಡಿ ಸ್ಯಾಮ್ಯುಯೆಲ್ ಫೆಲ್ಪ್ಸ್‌ಗೆ ಕೊಟ್ಟ, ಫೆಲ್ಪ್ಸ್‌ಗೆ ಹುಷಾರು ತಪ್ಪಿದಾಗ ತಾನೇ ರಿಹರ್ಸಲ್ ಮಾಡಿ ಪಾತ್ರ ವಾಪಸ್ ತಗೊಳ್ಳೋಕೆ ಹೋದ, ಬ್ರೌನಿಂಗ್ ಪಟ್ಟು ಹಿಡಿದು ಫೆಲ್ಪ್ಸ್‌ಗೇ ಕೊಡಿಸಿದ. ಫೆಬ್ರವರಿ 11ಕ್ಕೆ ಶುರುವಾದ ನಾಟಕ ಮೂರೇ ಶೋಗೆ ನಿಂತುಹೋಯ್ತು, ಇಬ್ಬರ ಸ್ನೇಹವೂ ಮುರೀತು. ಮೆಕ್ರೀಡಿ ಕೆಟ್ಟೋನು ಅಂತ ನಾನು ಹೇಳ್ತಿಲ್ಲ, ಇದೇ ಮೆಕ್ರೀಡಿ ಬುಲ್ವರ್ ಲಿಟ್ಟನ್ ಜೊತೆ ಕೂತು ‘ರಿಶೆಲ್ಯೂ’ ನಾಟಕವನ್ನ ಮತ್ತೆ ಮತ್ತೆ ತಿದ್ದಿಸಿ 1839ರಲ್ಲಿ ಗೆಲ್ಲಿಸಿದ್ದ. ಮ್ಯಾನೇಜರ್‌ಗೆ ಮನಸ್ಸಿದ್ರೆ ಏನಾಗುತ್ತೆ, ಇಲ್ದಿದ್ರೆ ಏನಾಗುತ್ತೆ, ಎರಡೂ ಒಬ್ಬನಲ್ಲೇ ಕಾಣುತ್ತೆ.

ಕಾನೂನಿನ ಭಾಗ ಬೇಗ ಮುಗಿಸ್ತೀನಿ, ಆದ್ರೆ ಎಕ್ಸಾಮ್‌ಗೆ ಬೇಕು. 1833ರ ಡ್ರಮಾಟಿಕ್ ಕಾಪಿರೈಟ್ ಆಕ್ಟ್‌ನಿಂದ ನಾಟಕ ಆಡಿಸೋ ಹಕ್ಕು ಬರೆದೋನದ್ದು ಅಂತ ಆಯ್ತು, ಅದಕ್ಕೆ ಮುಂಚೆ ಅಚ್ಚಾದ ನಾಟಕವನ್ನ ಯಾರು ಬೇಕಾದ್ರೂ ಆಡಿಸಬಹುದಿತ್ತು. 1843ರ ಥಿಯೇಟರ್ಸ್ ಆಕ್ಟ್ ಬಂದು ಮಾತಿನ ನಾಟಕ ಆಡಿಸೋದ್ರಲ್ಲಿ ಡ್ರೂರಿ ಲೇನ್, ಕಾವೆಂಟ್ ಗಾರ್ಡನ್‌ಗಳಿಗಿದ್ದ ಏಕಸ್ವಾಮ್ಯ ಹೋಯ್ತು, ಸೆನ್ಸಾರ್ ಮಾತ್ರ ಉಳೀತು. ಮೊದಲ ಶೋಗೆ ಕನಿಷ್ಠ ಏಳು ದಿನ ಮುಂಚೆ ಸ್ಕ್ರಿಪ್ಟ್ ಲಾರ್ಡ್ ಚೇಂಬರ್ಲಿನ್ (ನಾಟಕದ ಸೆನ್ಸಾರ್ ನೋಡ್ಕೊಳ್ತಿದ್ದ ಅರಮನೆ ಅಧಿಕಾರಿ) ಆಫೀಸಿಗೆ ಹೋಗಬೇಕಿತ್ತು, ಜೊತೆಗೆ ಹೆಚ್ಚಂದ್ರೆ ಎರಡು ಗಿನಿ (ಎರಡು ಪೌಂಡ್‌ಗಿಂತ ಸ್ವಲ್ಪ ಜಾಸ್ತಿ) ಫೀಸು. ಇಲ್ಲಿ ಒಂದು ಮಾತು ಅಂಡರ್‌ಲೈನ್ ಮಾಡ್ಕೊಳ್ಳಿ: ಸ್ಕ್ರಿಪ್ಟ್ ಕಳಿಸ್ತಿದ್ದದ್ದು, ಉತ್ತರ ತಗೊಳ್ತಿದ್ದದ್ದು ಮ್ಯಾನೇಜರ್. ಬರೆದೋನಿಗೆ ಆ ಆಫೀಸಿನ ಲೆಕ್ಕದಲ್ಲಿ ಜಾಗಾನೇ ಇಲ್ಲ. ಹೀಗಾಗಿ ಸೆನ್ಸಾರ್ ಕೈಗೆ ಹೋಗೋಕೆ ಮುಂಚೆ ಮ್ಯಾನೇಜರೇ ಕತ್ತರಿ ಆಡಿಸೋದು ಸಹಜ ಆಗಿತ್ತು.

ಕಾದಂಬರಿ ಬರೆದೋರ ಪಾಡು ಇನ್ನೂ ಕಷ್ಟ. ನಿಮ್ಮ ಕಾದಂಬರಿಯನ್ನ ಯಾರು ಬೇಕಾದ್ರೂ ನಾಟಕ ಮಾಡಬಹುದಿತ್ತು, ಡಿಕನ್ಸ್ ಇದನ್ನ ಜೀವನಪೂರ್ತಿ ಅನುಭವಿಸಿದ. ಹಕ್ಕು ಉಳಿಸ್ಕೊಳ್ಳೋಕೆ ಇದ್ದ ದಾರಿ, ನೀವೇ ಅದನ್ನ ನಾಟಕ ಮಾಡಿ ಒಂದು ಸಲ ನೆಪಕ್ಕೆ ಆಡಿಸಿಬಿಡೋದು. 1897ರ ಮೇ 18ರಂದು ಲಂಡನ್ನಿನ ಲೈಸಿಯಂನಲ್ಲಿ ‘ಡ್ರಾಕುಲಾ’ ಹೀಗೇ ಓದಿಸಲ್ಪಟ್ಟಿತು, ಪುಸ್ತಕ ಹೊರಬರೋಕೆ ಸ್ವಲ್ಪ ದಿನ ಮುಂಚೆ. ಅದನ್ನ ಬರೆದ ಬ್ರಾಮ್ ಸ್ಟೋಕರ್ ಅಲ್ಲಿನ ನಟ-ಮ್ಯಾನೇಜರ್ ಹೆನ್ರಿ ಅರ್ವಿಂಗ್‌ಗೆ 1878ರಿಂದ ಬಿಸಿನೆಸ್ ಮ್ಯಾನೇಜರ್, ಈ ವ್ಯವಹಾರದ ಒಳಹೊರಗೆಲ್ಲ ಗೊತ್ತಿದ್ದೋನು. ಸೆನ್ಸಾರ್‌ಗೆ ಕಳಿಸಿದ ಸ್ಕ್ರಿಪ್ಟ್ ಈಗ ಬ್ರಿಟಿಷ್ ಲೈಬ್ರರೀಲಿದೆ, ಕಾದಂಬರಿಯ ಪ್ರೂಫ್ ಹಾಳೆ ಕತ್ತರಿಸಿ ಅಂಟಿಸಿ, ನಡುನಡುವೆ ಕೈಲಿ ಬರೆದು ಮಾಡಿದ್ದು.

ದುಡ್ಡಿನ ಲೆಕ್ಕ ಬದಲಾಗಿದ್ದು 1860ರ ನಂತರ. ಹತ್ತು ಹದಿನೈದು ಶೋ ಓಡೋ ನಾಟಕಕ್ಕೆ ಒಂದೇ ಸಲ ಇಡುಗಂಟು ಕೊಟ್ರೆ ಸರಿ, ನೂರಿನ್ನೂರು ಶೋ ಓಡೋಕೆ ಶುರುವಾದ್ರೆ? ಬೂಸಿಕಾಲ್ಟ್ ಪೆಟ್ಟು ತಿಂದು ಕಲಿತಿದ್ದ, 1860ರಲ್ಲಿ ‘ದಿ ಕಾಲೀನ್ ಬಾನ್’ ನಾಟಕವನ್ನ ಅಡೆಲ್ಫಿ ಥಿಯೇಟರ್‌ಗೆ ಕೊಡುವಾಗ ಮ್ಯಾನೇಜರ್ ಬೆಂಜಮಿನ್ ವೆಬ್‌ಸ್ಟರ್ ಹತ್ರ ಇಡುಗಂಟು ಕೇಳಲಿಲ್ಲ, ಪಾಲು ಕೇಳಿದ. ಅದು 200 ಶೋ ದಾಟಿತು, ಸಾವಿರಗಟ್ಟಲೆ ಪೌಂಡ್ ಬಂತು. ಅದೇ ದಶಕದಲ್ಲಿ ಟಾಮ್ ರಾಬರ್ಟ್‌ಸನ್ ‘ಸೊಸೈಟಿ’ ಬರೆದು ಹೇಮಾರ್ಕೆಟ್ ಥಿಯೇಟರ್‌ಗೆ ತಗೊಂಡುಹೋದ್ರೆ ಮ್ಯಾನೇಜರ್ ಬಕ್‌ಸ್ಟೋನ್ ಕಸ ಅಂತ ತಳ್ಳಿಹಾಕಿದ. ಜನ ‘ಧೂಳಿನ ಗುಂಡಿ’ ಅಂತಿದ್ದ ಹಳೇ ಥಿಯೇಟರ್ ಒಂದನ್ನ ಸಾಲ ಮಾಡಿ ರಿಪೇರಿ ಮಾಡಿಸಿ ಪ್ರಿನ್ಸ್ ಆಫ್ ವೇಲ್ಸ್ ಅಂತ ಹೆಸರಿಟ್ಟಿದ್ದ ಮೇರಿ ವಿಲ್ಟನ್ ಅದೇ ಸ್ಕ್ರಿಪ್ಟ್‌ನ 1865ರಲ್ಲಿ ಆಡಿಸಿ ಗೆದ್ದಳು. ಬರೀ ಆಡಿಸಿದ್ದಲ್ಲ, ರಿಹರ್ಸಲ್‌ನಲ್ಲಿ ಬರೆದೋನೇ ನಿಂತು ಹೇಳ್ಕೊಡೋಕೆ ಬಿಟ್ಟಳು. ಈ ಹೆಂಗಸಿಗೆ ನಮ್ಮ ಸಿಲಬಸ್‌ನಲ್ಲಿ ಒಂದು ಸಾಲೂ ಇಲ್ಲ ಅನ್ನೋದು ನನಗೆ ನಿಜವಾಗ್ಲೂ ಬೇಜಾರು.

ಕೊನೇದು ಜಾರ್ಜ್ ಅಲೆಕ್ಸಾಂಡರ್ ಮತ್ತು ಆಸ್ಕರ್ ವೈಲ್ಡ್, ಸೇಂಟ್ ಜೇಮ್ಸ್ ಥಿಯೇಟರ್. ‘ಲೇಡಿ ವಿಂಡರ್‌ಮಿಯರ್ಸ್ ಫ್ಯಾನ್’ ಓದಿ ಅಲೆಕ್ಸಾಂಡರ್ 1000 ಪೌಂಡ್ ಇಡುಗಂಟು ಕೊಡ್ತೀನಿ ಅಂದ. ನೀನು ಅಷ್ಟು ಕೊಡ್ತೀಯ ಅಂದ್ರೆ ನಾಟಕ ಖಂಡಿತ ಗೆಲ್ಲುತ್ತೆ ಅಂತ ಲೆಕ್ಕ ಹಾಕಿ ವೈಲ್ಡ್ ಪರ್ಸೆಂಟೇಜ್‌ಗೆ ಒಪ್ಪಿಸಿದ, ಮೊದಲ ವರ್ಷವೇ 7000 ಬಂತು ಅಂತಾರೆ. ಮಿಸೆಸ್ ಅರ್ಲಿನ್ ನಾಯಕಿಯ ತಾಯಿ ಅನ್ನೋ ಗುಟ್ಟನ್ನ ವೈಲ್ಡ್ ಕೊನೇ ಅಂಕದ ತನಕ ಇಟ್ಕೊಂಡಿದ್ದ, ಜನಕ್ಕೆ ಮೊದಲೇ ಗೊತ್ತಾಗ್ಲಿ ಅಂತ ಅಲೆಕ್ಸಾಂಡರ್ ಜಗಳ ಆಡಿದ. 1892ರ ಫೆಬ್ರವರಿ 20ಕ್ಕೆ ನಾಟಕ ಶುರುವಾಗಿ ಸ್ವಲ್ಪ ದಿನಕ್ಕೇ ವೈಲ್ಡ್ ಬದಲಾಯಿಸಿದ. ನನ್ನ ಪ್ರಕಾರ ಮ್ಯಾನೇಜರ್ ಹೇಳಿದ್ದೇ ಸರಿ, ಗುಟ್ಟು ಗೊತ್ತಿದ್ರೇನೇ ಮೂರನೇ ಅಂಕದಲ್ಲಿ ಎದೆ ಹೊಡ್ಕೊಳ್ಳೋದು.

1895ರ ಜನವರಿ 5ಕ್ಕೆ ಅದೇ ಥಿಯೇಟರ್‌ನಲ್ಲಿ ಹೆನ್ರಿ ಜೇಮ್ಸ್‌ನ ‘ಗೈ ಡಾಮ್‌ವಿಲ್’ ಬಿತ್ತು, ಜೇಮ್ಸ್ ಸ್ಟೇಜಿಗೆ ಬಂದಾಗ ಗ್ಯಾಲರಿಯೋರು ಕೂಗಿ ಅವಮಾನ ಮಾಡಿದ್ರು. ಅಲೆಕ್ಸಾಂಡರ್‌ಗೆ ಅರ್ಜೆಂಟಾಗಿ ನಾಟಕ ಬೇಕಿತ್ತು. ಇನ್ನೊಬ್ಬ ಮ್ಯಾನೇಜರ್ ಚಾರ್ಲ್ಸ್ ವಿಂಡಮ್ ಹತ್ರ ಇದ್ದ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ಬಿಟ್ಟುಕೊಡೋಕೆ ಅವನು ಒಪ್ಪಿದ. ನಾಲ್ಕು ಅಂಕ ಜಾಸ್ತಿ ಆಯ್ತು, ಮೂರು ಮಾಡು ಅಂದ ಅಲೆಕ್ಸಾಂಡರ್. ಸಾಲ ವಸೂಲಿಗೆ ಬರೋ ಗ್ರಿಬ್ಸ್‌ಬಿ ಅನ್ನೋ ಲಾಯರ್ ಪಾತ್ರ ಪೂರ್ತಿ ಹೋಯ್ತು. ನಾವು ಓದೋ ಮೂರಂಕದ ರೂಪ ಆ ಒತ್ತಾಯದಿಂದ ಬಂದದ್ದು. ಫೆಬ್ರವರಿ 14ಕ್ಕೆ ಶುರುವಾಯ್ತು, ಏಪ್ರಿಲ್‌ನಲ್ಲಿ ವೈಲ್ಡ್ ಅರೆಸ್ಟ್ ಆದ, ಅಲೆಕ್ಸಾಂಡರ್ ಪೋಸ್ಟರ್‌ನಿಂದ ಅವನ ಹೆಸರು ತೆಗೆಸಿ ಇನ್ನೂ ಕೆಲವು ವಾರ ನಾಟಕ ಓಡಿಸಿದ. ವೈಲ್ಡ್ ದಿವಾಳಿ ಆದ್ಮೇಲೆ ಎರಡೂ ನಾಟಕದ ಹಕ್ಕನ್ನ ಅಲೆಕ್ಸಾಂಡರ್ ಕೊಂಡ್ಕೊಂಡ. ಜೈಲಿಂದ ಬಂದು ಊರೂರು ಅಲೀತಿದ್ದ ವೈಲ್ಡ್‌ಗೆ ತಾನಾಗೇ ದುಡ್ಡು ಕೊಡೋಕೆ ಮುಂದಾದ, 1918ರಲ್ಲಿ ತಾನು ಸಾಯುವಾಗ ಆ ಹಕ್ಕನ್ನ ವೈಲ್ಡ್‌ನ ಮಗನಿಗೆ ಬರೆದಿಟ್ಟಿದ್ದ.