ಆ ರಾಜ್ಯಕ್ಕೆ ಹೋಗಬೇಡಿ: ಅಮೆರಿಕದ ಕಾಲೇಜು ಆಟಗಳಲ್ಲಿ ಸರ್ಕಾರದ ಕೈ

2023ರ ಮಾರ್ಚ್‌ನಲ್ಲಿ ಸ್ಯಾನ್ ಡಿಯಾಗೊ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ ಕಾಲೇಜು ತಂಡಗಳ ರಾಷ್ಟ್ರೀಯ ಟೂರ್ನಿಯಲ್ಲಿ ಯಾರೂ ಎಣಿಸದ ಹಾಗೆ ಗೆಲ್ಲುತ್ತಾ ಹೋಯಿತು. ಮೊದಲೆರಡು ಪಂದ್ಯ ಫ್ಲೋರಿಡಾದ ಒರ್ಲ್ಯಾಂಡೊದಲ್ಲಿ, ಆಮೇಲಿನೆರಡು ಕೆಂಟಕಿಯ ಲೂಯಿವಿಲ್‌ನಲ್ಲಿ, ಸೆಮಿಫೈನಲ್ ಮತ್ತು ಫೈನಲ್ ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ. ಕೊನೆಗೆ ಕನೆಕ್ಟಿಕಟ್ ಎದುರು 76-59ರಲ್ಲಿ ಸೋತರು, ಅದು ಬೇರೆ ಮಾತು. ತಮಾಷೆ ಏನೆಂದರೆ, ಈ ಮೂರೂ ರಾಜ್ಯಗಳಿಗೆ ಸರ್ಕಾರಿ ದುಡ್ಡಿನಲ್ಲಿ ಹೋಗಬಾರದು ಅಂತ ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಇತ್ತು. ಸ್ಯಾನ್ ಡಿಯಾಗೊ ಸ್ಟೇಟ್ ಅದೇ ಸರ್ಕಾರದ ವಿಶ್ವವಿದ್ಯಾಲಯ! ಮತ್ತೆ ಹೋಗಿದ್ದು ಹೇಗೆ? ಸರ್ಕಾರದ್ದಲ್ಲದ ದುಡ್ಡಿನಲ್ಲಿ. ಅಷ್ಟೇ.

ಇದು ಶುರುವಾಗಿದ್ದು ನಾರ್ತ್ ಕ್ಯಾರೊಲೈನಾದಿಂದ. 2016ರ ಫೆಬ್ರವರಿಯಲ್ಲಿ ಅಲ್ಲಿನ ಷಾರ್ಲಟ್ ನಗರ, ಲೈಂಗಿಕ ಅಲ್ಪಸಂಖ್ಯಾತರ ವಿರುದ್ಧ ತಾರತಮ್ಯ ಮಾಡಬಾರದು ಅಂತ ಒಂದು ನಿಯಮ ತಂದಿತು. ರಾಜ್ಯದ ಶಾಸಕರಿಗೆ ಸಿಟ್ಟು ಬಂತು. ಮಾರ್ಚ್ 23ರಂದು ವಿಶೇಷ ಅಧಿವೇಶನ ಕರೆದು ಒಂದೇ ದಿನದಲ್ಲಿ ಎಚ್‌ಬಿ2 ಅನ್ನೋ ಕಾನೂನು ಪಾಸ್ ಮಾಡಿದರು, ಗವರ್ನರ್ ಪ್ಯಾಟ್ ಮೆಕ್ರೋರಿ ಅದೇ ರಾತ್ರಿ ಸಹಿ ಹಾಕಿದರು. ಸರ್ಕಾರಿ ಕಟ್ಟಡಗಳಲ್ಲಿ ಜನನ ಪ್ರಮಾಣಪತ್ರದಲ್ಲಿ ಇರುವ ಲಿಂಗದ ಪ್ರಕಾರವೇ ಶೌಚಾಲಯ ಬಳಸಬೇಕು, ನಗರಗಳು ತಮ್ಮದೇ ನಿಯಮ ಮಾಡುವಂತಿಲ್ಲ.

ಇದಕ್ಕೆ ಎರಡು ಥರದ ಬಹಿಷ್ಕಾರ ಎದುರಾಯಿತು. ಇವೆರಡನ್ನೂ ಕಲಸಿ ಮಾತಾಡೋರೇ ಜಾಸ್ತಿ, ಆದರೆ ವ್ಯತ್ಯಾಸ ದೊಡ್ಡದು.

ಮೊದಲನೆಯದು, 'ನಿಮ್ಮೂರಲ್ಲಿ ಪಂದ್ಯ ನಡೆಸಲ್ಲ' ಅನ್ನೋದು. ಕಾಲೇಜು ಆಟಗಳನ್ನು ನಡೆಸುವ ಎನ್‌ಸಿಎಎ, 2016ರ ಸೆಪ್ಟೆಂಬರ್‌ನಲ್ಲಿ 2016-17ರ ಏಳು ಚಾಂಪಿಯನ್‌ಷಿಪ್‌ಗಳನ್ನು ರಾಜ್ಯದಿಂದ ಎತ್ತಿಬಿಟ್ಟಿತು. ಎರಡೇ ದಿನದಲ್ಲಿ ಕಾಲೇಜು ತಂಡಗಳ ಒಕ್ಕೂಟವಾದ ಎಸಿಸಿಯೂ ತನ್ನ ಅಮೆರಿಕನ್ ಫುಟ್‌ಬಾಲ್ ಫೈನಲ್ಲನ್ನು ಷಾರ್ಲಟ್‌ನಿಂದ ಎತ್ತುವುದಾಗಿ ಹೇಳಿತು, ಆಮೇಲೆ ಒರ್ಲ್ಯಾಂಡೊಗೆ ಒಯ್ದಿತು. ಬ್ಯಾಸ್ಕೆಟ್‌ಬಾಲ್ ಅಂದರೆ ಜೀವ ಬಿಡುವ ರಾಜ್ಯ ಅದು. ಅಲ್ಲಿನ ರಾಲಿ ನಗರದ ಕಡೆ ಇರುವ ಕನ್ನಡಿಗರನ್ನು ಕೇಳಿ ನೋಡಿ, ಮಾರ್ಚ್ ತಿಂಗಳಲ್ಲಿ ಆಫೀಸಿನಲ್ಲಿ ಬೇರೆ ಮಾತೇ ಇರಲ್ಲ. ಹೋಟೆಲಿನವರು, ವ್ಯಾಪಾರಿಗಳು ಎಲ್ಲರಿಗೂ ಪೆಟ್ಟು ಬಿತ್ತು. ಎಚ್‌ಬಿ2ರಿಂದ 12 ವರ್ಷಗಳಲ್ಲಿ 376 ಕೋಟಿ ಡಾಲರ್ ನಷ್ಟ ಆಗಬಹುದು ಅಂತ ಅಸೋಸಿಯೇಟೆಡ್ ಪ್ರೆಸ್ ಲೆಕ್ಕ ಹಾಕಿತು. ಮುಂದೆ 2022ರವರೆಗಿನ ಪಂದ್ಯಗಳೂ ಕೈತಪ್ಪುತ್ತವೆ ಅಂತ ಎನ್‌ಸಿಎಎ ಎಚ್ಚರಿಸಿದ ಮೇಲೆ, 2017ರ ಮಾರ್ಚ್ 30ರಂದು ಶಾಸಕರು ಅರ್ಧ ಮನಸ್ಸಿನಿಂದ ಕಾನೂನನ್ನು ಹಿಂತೆಗೆದುಕೊಂಡರು.

ಎರಡನೆಯದು, 'ನಮ್ಮವರು ನಿಮ್ಮೂರಿಗೆ ಬರಲ್ಲ' ಅನ್ನೋದು. ನ್ಯೂಯಾರ್ಕ್ ಗವರ್ನರ್ ಆಂಡ್ರೂ ಕ್ವೋಮೊ ಸರ್ಕಾರಿ ಪ್ರಯಾಣ ನಿಲ್ಲಿಸಿದ್ದರಿಂದ ಅಲ್ಲಿನ ಆಲ್ಬನಿ ವಿಶ್ವವಿದ್ಯಾಲಯ ನಾರ್ತ್ ಕ್ಯಾರೊಲೈನಾದ ಡ್ಯೂಕ್ ವಿಶ್ವವಿದ್ಯಾಲಯದ ಜೊತೆಗಿನ ಬ್ಯಾಸ್ಕೆಟ್‌ಬಾಲ್ ಪಂದ್ಯ ಬಿಡಬೇಕಾಯಿತು. ಡ್ಯೂಕ್‌ನಂಥ ತಂಡದ ಎದುರು ಆಡೋದು ಅಂದರೆ ಸಣ್ಣ ತಂಡಕ್ಕೆ ಹಬ್ಬ. ಆ ಹುಡುಗರಿಗೂ ಎಚ್‌ಬಿ2ಗೂ ಏನು ಸಂಬಂಧ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಯಿತು. ಲೈಂಗಿಕ ಅಲ್ಪಸಂಖ್ಯಾತರ ವಿರುದ್ಧ ತಾರತಮ್ಯದ ಕಾನೂನು ಇರುವ ರಾಜ್ಯಗಳಿಗೆ ಸರ್ಕಾರಿ ದುಡ್ಡಿನಲ್ಲಿ ಹೋಗಬಾರದು ಅನ್ನೋ ಎಬಿ 1887 ಕಾನೂನು 2017ರ ಜನವರಿ 1ರಿಂದ ಜಾರಿಗೆ ಬಂತು. ಮೊದಲು ಪಟ್ಟಿಯಲ್ಲಿದ್ದದ್ದು ನಾಲ್ಕೇ ರಾಜ್ಯ. ಹಳೆಯ ಒಪ್ಪಂದಗಳಿಗೆ ವಿನಾಯಿತಿ ಇತ್ತು, ಹಾಗಾಗಿ ಅಲ್ಲಿನ ಬರ್ಕ್ಲಿ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಅದೇ ಸೆಪ್ಟೆಂಬರ್‌ನಲ್ಲಿ ನಾರ್ತ್ ಕ್ಯಾರೊಲೈನಾಕ್ಕೆ ಹೋಗಿ 35-30ರಲ್ಲಿ ಗೆದ್ದೂ ಬಂತು. ದಾನಿಗಳ ಹಣ, ಟಿಕೆಟ್ ಹಣ ಇರುವ ತಂಡಗಳಿಗೆ ದಾರಿ ಸಿಕ್ಕೇ ಸಿಗುತ್ತಿತ್ತು. ಸಂಶೋಧನೆಗೆ, ಸಮ್ಮೇಳನಕ್ಕೆ ಹೋಗಬೇಕಾದ ಪ್ರಾಧ್ಯಾಪಕರಿಗೆ ಎಲ್ಲಿಂದ ಬರಬೇಕು ಅಂಥ ಹಣ?

ಇನ್ನು ಪಟ್ಟಿ? ಬೆಳೆಯುತ್ತಲೇ ಹೋಯಿತು. 2023ರ ಹೊತ್ತಿಗೆ 26 ರಾಜ್ಯ, ಅಂದರೆ ಅರ್ಧಕ್ಕಿಂತ ಜಾಸ್ತಿ ದೇಶ! ಟೆಕ್ಸಸ್ ರಾಜ್ಯ ಇದರ ವಿರುದ್ಧ ದೇಶದ ಸುಪ್ರೀಂ ಕೋರ್ಟಿಗೇ ಹೋಯಿತು, 2021ರಲ್ಲಿ ಕೋರ್ಟು ಕೇಳಲು ಒಪ್ಪಲಿಲ್ಲ. 2023ರ ಸೆಪ್ಟೆಂಬರ್ 1ಕ್ಕೆ ಬರ್ಕ್ಲಿ ತಂಡ ಎಸಿಸಿಗೆ ಸೇರುವುದು ಖಚಿತವಾಯಿತು. ಅದರ ಮುಖ್ಯ ಕಚೇರಿ ಇರೋದು ಎಲ್ಲಿ ಗೊತ್ತಾ, ಷಾರ್ಲಟ್‌ನಲ್ಲೇ. ಹನ್ನೆರಡು ದಿನ ಕಳೆದು ಗವರ್ನರ್ ಗ್ಯಾವಿನ್ ನ್ಯೂಸಮ್ ಇಡೀ ನಿಷೇಧ ರದ್ದು ಮಾಡುವ ಮಸೂದೆಗೆ ಸಹಿ ಹಾಕಿದರು. ಎರಡಕ್ಕೂ ನಂಟಿದೆ ಅಂತ ನಾನು ಹೇಳ್ತಿಲ್ಲ, ಆದರೆ ಕಾನೂನು ಉಳಿದಿದ್ದರೆ ಆ ತಂಡದ ಪ್ರತಿ ಪ್ರವಾಸಕ್ಕೂ ಲೆಕ್ಕಪತ್ರದ ಸರ್ಕಸ್ ಮಾಡಬೇಕಿತ್ತು.

ಮೊದಲನೆಯ ಬಹಿಷ್ಕಾರಕ್ಕೆ ಒಂದೇ ವರ್ಷದಲ್ಲಿ ಒಂದು ರಾಜ್ಯ ಮಣಿಯಿತು, ಎರಡನೆಯದರಲ್ಲಿ ಸುಮಾರು ಏಳು ವರ್ಷದಲ್ಲಿ ಕ್ಯಾಲಿಫೋರ್ನಿಯಾದ ಪಟ್ಟಿ ಆರು ಪಟ್ಟು ಮೀರಿ ಬೆಳೆಯಿತು. ಅತಿಥಿ ಬರದಿದ್ದರೆ ಆತಿಥೇಯನಿಗೆ ಒಂದು ದಿನದ ಬೇಜಾರು, ಮದುವೆ ಛತ್ರವೇ ಕೈತಪ್ಪಿದರೆ ಊರೆಲ್ಲಾ ಮಾತು. ಹಾಗಂತ ಮೊದಲನೆಯ ದಾರಿಯೂ ಮಂತ್ರದಂಡ ಅಲ್ಲ. ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ಕಾನ್ಫೆಡರೇಟ್ ರಾಜ್ಯಗಳ ಬಾವುಟ ಶಾಸನಸಭೆಯ ಮುಂದೆ ಹಾರಾಡುತ್ತಿದೆ ಅಂತ ಎನ್‌ಸಿಎಎ 2001ರಿಂದಲೇ ಸೌತ್ ಕ್ಯಾರೊಲೈನಾಕ್ಕೆ ಹೊಸ ಚಾಂಪಿಯನ್‌ಷಿಪ್ ಕೊಡೋದು ನಿಲ್ಲಿಸಿತ್ತು. ಬಾವುಟ ಇಳಿದದ್ದು 2015ರ ಜುಲೈನಲ್ಲಿ, ಅದೂ ಚಾರ್ಲ್ಸ್‌ಟನ್ ಚರ್ಚಿನಲ್ಲಿ ಒಂಬತ್ತು ಮಂದಿ ಕಪ್ಪು ಜನರನ್ನು ಗುಂಡಿಟ್ಟು ಕೊಂದ ಮೇಲೆ. ಮುಂದಿನದು ಕೇಳಿ: ನಾರ್ತ್ ಕ್ಯಾರೊಲೈನಾದಿಂದ ಕಿತ್ತ 2017ರ ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಪಂದ್ಯಗಳು ಹೋಗಿದ್ದು ಇದೇ ಸೌತ್ ಕ್ಯಾರೊಲೈನಾದ ಗ್ರೀನ್‌ವಿಲ್‌ಗೆ. ಮನೆಯ ಹತ್ತಿರ ಗ್ರೀನ್ಸ್‌ಬರೊದಲ್ಲಿ ಆಡಬಹುದಾಗಿದ್ದ ಡ್ಯೂಕ್, ಅಲ್ಲಿ ಹೋಗಿ ಸೌತ್ ಕ್ಯಾರೊಲೈನಾ ತಂಡಕ್ಕೇ 88-81ರಲ್ಲಿ ಸೋತಿತು!

ಈ ಅಸ್ತ್ರವೇನೂ ಹೊಸದಲ್ಲ. ಹಿಂದೆ ಇದನ್ನು ಹಿಡಿದಿದ್ದವರು ಉದಾರವಾದಿಗಳೂ ಅಲ್ಲ. 1955ರ ಕೊನೆಯಲ್ಲಿ ಜಾರ್ಜಿಯಾ ಗವರ್ನರ್ ಮಾರ್ವಿನ್ ಗ್ರಿಫಿನ್, ಎದುರಾಳಿ ಪಿಟ್ಸ್‌ಬರ್ಗ್ ತಂಡದಲ್ಲಿ ಬಾಬಿ ಗ್ರಿಯರ್ ಅನ್ನೋ ಕಪ್ಪು ಆಟಗಾರ ಇದ್ದಾನೆ, ಆದ್ದರಿಂದ ಜಾರ್ಜಿಯಾ ಟೆಕ್ ಆಡಕೂಡದು ಅಂದರು. ವಿದ್ಯಾರ್ಥಿಗಳು ಬೀದಿಗಿಳಿದು ಗವರ್ನರ್ ಪ್ರತಿಕೃತಿ ಸುಟ್ಟರು. ಪಂದ್ಯ ನಡೆಯಿತು.

ಮಿಸಿಸಿಪಿಯ ಕಥೆ ಇನ್ನೂ ರೋಚಕ. ಕಪ್ಪು ಆಟಗಾರರಿರುವ ತಂಡದ ಜೊತೆ ಆಡಬಾರದು ಅನ್ನೋದು ಅಲ್ಲಿ ಬರೆದಿಡದ ಕಾನೂನು. ಮಿಸಿಸಿಪಿ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ 1959, 1961, 1962ರಲ್ಲಿ ತನ್ನ ಒಕ್ಕೂಟದ ಪಟ್ಟ ಗೆದ್ದರೂ ರಾಷ್ಟ್ರೀಯ ಟೂರ್ನಿಗೆ ಹೋಗಲಿಲ್ಲ. 1963ರಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷ ಡೀನ್ ಕೋಲ್ವರ್ಡ್, ಈ ಸಲ ಕಳಿಸ್ತೀನಿ ಅಂದರು. ವಿರೋಧಿಗಳು ಕೋರ್ಟಿಂದ ತಡೆಯಾಜ್ಞೆ ತಂದರು. ಅದು ಕೈಗೆ ಬಂದರೆ ತಾನೆ ಪಾಲಿಸೋದು? ಅಧ್ಯಕ್ಷರು ಅಲಬಾಮಾಕ್ಕೆ ಹೊರಟರು, ಕೋಚ್ ಬೇಬ್ ಮೆಕಾರ್ತಿ ಮೊದಲೇ ರಾಜ್ಯದ ಗಡಿ ದಾಟಿದರು, ಆಟಗಾರರು ಗುಟ್ಟಾಗಿ ವಿಮಾನ ಹತ್ತಿದರು. ಮಾರ್ಚ್ 15ರಂದು ಮಿಷಿಗನ್‌ನಲ್ಲಿ, ನಾಲ್ವರು ಕಪ್ಪು ಆಟಗಾರರನ್ನು ಇಳಿಸಿದ್ದ ಷಿಕಾಗೊದ ಲೊಯೋಲ ಎದುರು ಆಡಿ 61-51ರಲ್ಲಿ ಸೋತರು. ಪಂದ್ಯಕ್ಕೆ ಮುಂಚೆ ಎರಡು ತಂಡದ ನಾಯಕರು ಕೈಕುಲುಕಿದ ಫೋಟೊ ಇವತ್ತಿಗೂ ಪ್ರಸಿದ್ಧ.

ಈಚೆಗೆ ಗಾಳಿ ಮತ್ತೆ ದಿಕ್ಕು ಬದಲಿಸಿದೆ. 2024ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಸ್ಟೇಟ್ ವಾಲಿಬಾಲ್ ತಂಡದ ಜೊತೆ, ಅದರಲ್ಲಿ ಟ್ರಾನ್ಸ್ ಆಟಗಾರ್ತಿ ಇದ್ದಾರೆ ಅನ್ನೋ ಕಾರಣಕ್ಕೆ, ಹಲವು ತಂಡಗಳು ಆಡದೆ ಪಂದ್ಯ ಬಿಟ್ಟುಕೊಟ್ಟವು. ಐಡಾಹೊ ಗವರ್ನರ್ ಅದನ್ನು ಹೊಗಳಿದರು.

2025ರ ಏಪ್ರಿಲ್ 5ರಂದಂತೂ ದೆಹಲಿಯಲ್ಲಿ ಆಗುವಂಥದ್ದು ವಾಷಿಂಗ್ಟನ್‌ನಲ್ಲಿ ಆಯಿತು. ಆಟ ಒಂದೆಡೆ, ವಿದೇಶಾಂಗ ಇನ್ನೊಂದೆಡೆ. ದಕ್ಷಿಣ ಸುಡಾನ್ ಪಾಸ್‌ಪೋರ್ಟ್ ಇರುವ ಎಲ್ಲರ ವೀಸಾ ರದ್ದು ಅಂತ ವಿದೇಶಾಂಗ ಸಚಿವ ಮಾರ್ಕೊ ರೂಬಿಯೊ ಘೋಷಿಸಿದರು. ಅದೇ ರಾತ್ರಿ ಸ್ಯಾನ್ ಆಂಟೋನಿಯೊದಲ್ಲಿ ಸೆಮಿಫೈನಲ್ ಆಡಿದ ಡ್ಯೂಕ್‌ನ ಖಮಾನ್ ಮಲುವಾಚ್ ಅದೇ ದೇಶದವರು. ತಂಡ 70-67ರಲ್ಲಿ ಸೋತಿತು. ಜೂನ್‌ನಲ್ಲಿ ಎನ್‌ಬಿಎ ಆಯ್ಕೆಯಲ್ಲಿ ಅವರು ಹತ್ತನೆಯವರಾಗಿ ಆರಿಸಿ ಬಂದರು. ಅದೇ ಜೂನ್‌ನಲ್ಲಿ ಟ್ರಂಪ್ 12 ದೇಶಗಳವರಿಗೆ ಪೂರ್ತಿ, 7 ದೇಶಗಳವರಿಗೆ ಭಾಗಶಃ ಪ್ರವೇಶ ನಿಷೇಧ ಹೊರಡಿಸಿದರು. ವಿಶ್ವಕಪ್, ಒಲಿಂಪಿಕ್ಸ್‌ಗೆ ಬರುವ ಆಟಗಾರರಿಗೆ ವಿನಾಯಿತಿ ಇದೆ, ಬೇರೆ 'ದೊಡ್ಡ ಕ್ರೀಡಾಕೂಟ'ಗಳಿಗೂ ಇದೆ. ಯಾವುದು ದೊಡ್ಡದು ಅಂತ ತೀರ್ಮಾನಿಸೋದು ಮಾತ್ರ ವಿದೇಶಾಂಗ ಸಚಿವರು. ಕಾಲೇಜು ಆಟದ ಹೆಸರು ಅದರಲ್ಲಿ ಎಲ್ಲೂ ಇಲ್ಲ.